ದಿನಾಂಕ ಬರೆದುಕೊಟ್ಟ ದಿನವೇ ನನ್ನನ್ನು ಕರೆಯಿರಿ

ಇವರಿಗೆ,
ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ದಿನಾಂಕ ಗೊತ್ತುಮಾಡುವ ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಮತ್ತು ಆಸ್ಪತ್ರೆಗಳ ಆಡಳಿತಾಧಿಕಾರಿಗಳು.

ವಿಷಯ: ಶಸ್ತ್ರಚಿಕಿತ್ಸೆಗೆ ಕಾಯುವ ವಾರಗಳಲ್ಲಿ ರೋಗಿಯ ದೇಹ ಮತ್ತು ಮನಸ್ಸನ್ನು ಸಿದ್ಧಗೊಳಿಸುವುದರ ಬಗ್ಗೆ.

ಮಾನ್ಯರೇ,

ನಾನು ಫಿಸಿಯೋಥೆರಪಿಸ್ಟ್. ಹೊಟ್ಟೆ, ಎದೆ, ಹೃದಯದ ದೊಡ್ಡ ಆಪರೇಷನ್ ಆದವರನ್ನು ಐಸಿಯುವಿನಲ್ಲಿಯೂ ವಾರ್ಡಿನಲ್ಲಿಯೂ ನೋಡಿಕೊಳ್ಳುವುದು ನನ್ನ ಕೆಲಸ. ಇಷ್ಟು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದರೂ ನನ್ನ ರೋಗಿಗಳಲ್ಲಿ ಹೆಚ್ಚಿನವರನ್ನು ನಾನು ಮೊದಲ ಬಾರಿಗೆ ನೋಡುವುದು ಆಪರೇಷನ್ನಿನ ಮರುದಿನ ಬೆಳಿಗ್ಗೆ. ಎದೆಗೂಡಿನ ಕೆಳಗಿನಿಂದ ಹೊಕ್ಕುಳಿನ ಆಚೆಗೆ ಇಳಿದ ಗಾಯ, ಮೂಗಿನಲ್ಲೊಂದು ನಳಿಕೆ, ಪಕ್ಕೆಯಲ್ಲಿ ಒಳಗಿನ ದ್ರವ ಹೊರಹರಿಸುವ ಒಂದು ನಳಿಕೆ (ಡ್ರೈನ್), ನೋವಿನ ಔಷಧದಿಂದ ಭಾರವಾದ ರೆಪ್ಪೆ. ಅಂತಹ ಮನುಷ್ಯನ ಪಕ್ಕದಲ್ಲಿ ನಿಂತು, ಹೆಸರು ಹೇಳಿಕೊಂಡು, ‘ಒಮ್ಮೆ ಜೋರಾಗಿ ಕೆಮ್ಮಿ’ ಎನ್ನುತ್ತೇನೆ. ಆತ ನನ್ನನ್ನು ನೋಡುವ ನೋಟದಲ್ಲಿ ನಂಬಿಕೆಗಿಂತ ಗುಮಾನಿಯೇ ಹೆಚ್ಚು. ‘ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲವೇ ಮೇಡಂ?’ ಎಂಬ ಪ್ರಶ್ನೆ ಬರುತ್ತದೆ. ಇಲ್ಲ ಎಂದು ಹೇಳಿ, ಗಾಯದ ಮೇಲೆ ದಿಂಬು ಇಟ್ಟು, ಎರಡೂ ಕೈಗಳಿಂದ ಅದನ್ನು ಅಪ್ಪಿಕೊಂಡು ಕೆಮ್ಮುವುದನ್ನು ತೋರಿಸುತ್ತೇನೆ. ಆತ ಗಂಟಲಿನ ತುದಿಯಲ್ಲಿ ಒಂದು ಸಣ್ಣ ಸದ್ದು ಮಾಡುತ್ತಾರೆ. ಅದು ಕೆಮ್ಮಲ್ಲ. ಕಫ ಅಲುಗಾಡುವುದೂ ಇಲ್ಲ.

ಕಲಿಸುವುದಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಅರ್ಧ ಎಚ್ಚರದಲ್ಲಿ, ಪೂರ್ಣ ನೋವಿನಲ್ಲಿ, ಪರಿಚಯವೇ ಇಲ್ಲದ ವ್ಯಕ್ತಿಯಿಂದ, ಜೀವಮಾನದಲ್ಲಿ ಎಂದೂ ಮಾಡದ ಒಂದು ಕ್ರಿಯೆಯನ್ನು ಯಾರಾದರೂ ಕಲಿಯಬಲ್ಲರೇ? ಅದೇ ರೋಗಿಗೆ ನಿಮ್ಮಲ್ಲೊಬ್ಬರು ಆಪರೇಷನ್ನಿನ ದಿನಾಂಕ ಬರೆದುಕೊಟ್ಟು ಐದು ವಾರಗಳಾಗಿದ್ದವು. ಆ ಐದು ವಾರಗಳಲ್ಲಿ ಅವರು ದಿಂಬು ಅಪ್ಪಿಕೊಂಡು ನೂರು ಸಲ ಕೆಮ್ಮಿ ನೋಡಬಹುದಿತ್ತು, ನೋವಿಲ್ಲದೆ, ನಗುತ್ತ. ಯಾರೂ ಹೇಳಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಅವರ ಫೈಲನ್ನು ನಾನು ತಿರುವಿ ನೋಡಿದೆ. ರಕ್ತ ಪರೀಕ್ಷೆ, ಇಸಿಜಿ, ಎದೆಯ ಎಕ್ಸ್‌ರೇ, ಸ್ಕ್ಯಾನ್, ಒಪ್ಪಿಗೆ ಪತ್ರ ಎಲ್ಲವೂ ಅಚ್ಚುಕಟ್ಟಾಗಿದ್ದವು. ಕೊನೆಯಲ್ಲಿ ‘ಫಿಟ್’ ಎಂಬ ಒಂದು ಪದವೂ ಅದರ ಕೆಳಗೊಂದು ಸಹಿಯೂ ಇದ್ದವು. ಆ ಪದದ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು: ಅರಿವಳಿಕೆ ಕೊಡಲು ಅಡ್ಡಿಯಿಲ್ಲ ಎಂದಷ್ಟೇ. ರೋಗಿಯ ಮನೆಯವರು ಅದನ್ನು ಓದುವುದು ಬೇರೆ ರೀತಿಯಲ್ಲಿ; ಡಾಕ್ಟರೇ ಫಿಟ್ ಎಂದ ಮೇಲೆ ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಅವರು ನಿರಾಳರಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ನಾವೆಲ್ಲ ಶ್ರದ್ಧೆಯಿಂದ ಓದಿ ಹೇಳುತ್ತೇವೆ. ಅರಿವಳಿಕೆಗೆ ಮೊದಲು, ಕತ್ತರಿ ಆಡಿಸುವ ಮೊದಲು, ಥಿಯೇಟರಿನಿಂದ ಹೊರಡುವ ಮೊದಲು ಹೀಗೆ ಮೂರು ಸಲ ನಿಂತು ನೋಡುತ್ತೇವೆ. ಅದು ಜೀವ ಉಳಿಸಿದ ಪಟ್ಟಿ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಪಟ್ಟಿ ಶುರುವಾಗುವುದೇ ರೋಗಿ ಥಿಯೇಟರಿಗೆ ಬಂದ ಮೇಲೆ. ಅದಕ್ಕೂ ಹಿಂದಿನ ನಾಲ್ಕೈದು ವಾರಗಳನ್ನು ಯಾವ ಪಟ್ಟಿಯೂ ಕೇಳುವುದಿಲ್ಲ.

ಆ ವಾರಗಳಲ್ಲಿ ಮನೆಯಲ್ಲಿ ನಡೆಯುವುದೇನೆಂದು ರೋಗಿಗಳು ನನಗೆ ಆಮೇಲೆ ಹೇಳುತ್ತಾರೆ. ‘ದೊಡ್ಡ ಆಪರೇಷನ್ ಇದೆ, ಓಡಾಡಬೇಡ, ಶಕ್ತಿ ಉಳಿಸಿಕೋ’ ಎಂದು ಎಲ್ಲರೂ ಅಕ್ಕರೆಯಿಂದ ಮಲಗಿಸುತ್ತಾರೆ. ಶಕ್ತಿ ಎಂಬುದು ಡಬ್ಬಿಯಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯುವ ವಸ್ತುವಾಗಿದ್ದರೆ ಆ ಸಲಹೆ ಸರಿಯಾಗಿರುತ್ತಿತ್ತು. ಸ್ನಾಯು ಹಾಗೆ ನಡೆದುಕೊಳ್ಳುವುದಿಲ್ಲ. ಆರೋಗ್ಯವಂತರಾದ 11 ಮಂದಿ ವಯಸ್ಸಾದವರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿ ನಡೆಸಿದ, 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರ ಕಾಲುಗಳಿಂದಲೇ ಸರಾಸರಿ ಒಂದು ಕಿಲೋಗ್ರಾಮಿನಷ್ಟು ಸ್ನಾಯುಭಾಗ ಕರಗಿತ್ತು. ಅವರಿಗೆ ಕಾಯಿಲೆ ಇರಲಿಲ್ಲ, ಗಾಯ ಇರಲಿಲ್ಲ, ಊಟವೂ ಸರಿಯಾಗಿಯೇ ಇತ್ತು. ನಮ್ಮ ರೋಗಿ ಆಪರೇಷನ್ನಿಗೆ ಮೊದಲೂ ಮಲಗುತ್ತಾರೆ, ನಂತರವೂ ಮಲಗುತ್ತಾರೆ. ನಡುವೆ ಶಸ್ತ್ರಚಿಕಿತ್ಸೆಯ ಹೊಡೆತ ಬೀಳುತ್ತದೆ. ಆ ಹೊಡೆತ ಬಿದ್ದಾಗ ದೇಹ ಗಾಯ ಮುಚ್ಚಲು ಬೇಕಾದ ಪ್ರೋಟೀನನ್ನು ಸ್ನಾಯುವಿನಿಂದಲೇ ಕಿತ್ತು ತರುತ್ತದೆ. ಹೃದಯವೂ ಶ್ವಾಸಕೋಶವೂ ವಿಶ್ರಾಂತಿಯಲ್ಲಿ ಮಲಗಿದ್ದಾಗಲೇ ದಿನಗಟ್ಟಲೆ ಹೆಚ್ಚುವರಿ ದುಡಿಯಬೇಕಾಗುತ್ತದೆ. ದಾಸ್ತಾನು ಇದ್ದವರು ಅದರಿಂದ ಕೊಡುತ್ತಾರೆ, ಇಲ್ಲದವರು ಸಾಲಕ್ಕೆ ಬೀಳುತ್ತಾರೆ. ಮೂರನೆಯ ದಿನ ಕುರ್ಚಿಯಿಂದ ಏಳಲಾಗದೆ ಕಣ್ಣೀರು ಹಾಕುವವರಲ್ಲಿ ನಾನು ಕಾಣುವುದು ಹೆಚ್ಚಾಗಿ ಈ ಸಾಲವನ್ನೇ.

ಉಸಿರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆ ಕೊಡಿ, ಏಕೆಂದರೆ ನನ್ನ ಬೇಡಿಕೆಯ ಬಲವಾದ ಆಧಾರ ಅಲ್ಲಿದೆ. ಅರಿವಳಿಕೆಯಲ್ಲಿ ಮಲಗಿದ್ದಾಗ ಶ್ವಾಸಕೋಶದ ಕೆಳಗಿನ, ಹಿಂಬದಿಯ ಭಾಗಗಳು ಕುಸಿದು ಮುಚ್ಚಿಕೊಳ್ಳುತ್ತವೆ. ಎಚ್ಚರವಾದ ಮೇಲೆ ಹೊಟ್ಟೆಯ ಮೇಲ್ಭಾಗದ ಗಾಯದ ನೋವಿಗೆ ಹೆದರಿ ಮನುಷ್ಯ ಎದೆಯ ಮೇಲ್ಭಾಗದಿಂದಷ್ಟೇ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತಾನೆ. ಮುಚ್ಚಿದ ಭಾಗ ತೆರೆಯುವುದಿಲ್ಲ, ಅಲ್ಲಿ ಕಫ ನಿಲ್ಲುತ್ತದೆ, ಎರಡು ಮೂರು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮೂರು ಆಸ್ಪತ್ರೆಗಳಲ್ಲಿ ಹೊಟ್ಟೆಯ ಮೇಲ್ಭಾಗದ ದೊಡ್ಡ ಶಸ್ತ್ರಚಿಕಿತ್ಸೆಗೆ ಬರಲಿದ್ದ 441 ಮಂದಿಯನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬರೀ ಮಾಹಿತಿ ಪುಸ್ತಿಕೆ. ಇನ್ನೊಂದು ಗುಂಪಿಗೆ ಅದೇ ಪುಸ್ತಿಕೆಯ ಜೊತೆಗೆ, ಆಪರೇಷನ್ನಿಗೆ ಮುಂಚೆ ಫಿಸಿಯೋಥೆರಪಿಸ್ಟ್ ಜೊತೆ ಒಂದೇ ಒಂದು ಸಲ 30 ನಿಮಿಷದ ಭೇಟಿ: ಶ್ವಾಸಕೋಶಕ್ಕೆ ಏನಾಗುತ್ತದೆ, ಎಚ್ಚರವಾದ ಕೂಡಲೇ ಗಂಟೆಗೊಮ್ಮೆ ಆಳವಾಗಿ ಉಸಿರೆಳೆಯುವುದು ಏಕೆ, ಹೇಗೆ ಎಂಬ ಪಾಠ. ಪುಸ್ತಿಕೆ ಮಾತ್ರ ಪಡೆದವರಲ್ಲಿ ನೂರಕ್ಕೆ 27 ಮಂದಿಗೆ ಶ್ವಾಸಕೋಶದ ತೊಡಕು ಕಾಣಿಸಿತು. ಪಾಠ ಕೇಳಿದವರಲ್ಲಿ ನೂರಕ್ಕೆ 12 ಮಂದಿಗೆ. ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಔಷಧ ಬೇಕಾಗಲಿಲ್ಲ. ಎರಡು ಕುರ್ಚಿ, ಅರ್ಧ ಗಂಟೆ ಮತ್ತು ನೋವಿಲ್ಲದ ಹೊತ್ತಿನಲ್ಲಿ ಕೇಳಿಸಿಕೊಳ್ಳಬಲ್ಲ ಒಬ್ಬ ಮನುಷ್ಯ, ಅಷ್ಟೇ.

ಆ ಪ್ರಯೋಗದಲ್ಲಿ ಇಬ್ಬರ ಕೈಯಲ್ಲೂ ಪುಸ್ತಿಕೆ ಇತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು. ಏಕೆಂದರೆ ನಾನು ಈ ಮಾತೆತ್ತಿದಾಗಲೆಲ್ಲ ಆಡಳಿತ ವಿಭಾಗದಿಂದ ಬರುವ ಮೊದಲ ಉತ್ತರ ‘ಒಂದು ಕರಪತ್ರ ಅಚ್ಚು ಹಾಕಿಸೋಣ’ ಎಂಬುದು. ಕರಪತ್ರವನ್ನು ರೋಗಿ ಮಡಚಿ ಎಕ್ಸ್‌ರೇ ಕವರಿನೊಳಗೆ ಇಡುತ್ತಾರೆ. ಅದು ಅಲ್ಲಿಯೇ ಇರುತ್ತದೆ.

ಮನಸ್ಸಿನ ಸಿದ್ಧತೆಯ ಮಾತು ಬಂದಾಗ ನಿಮ್ಮಲ್ಲಿ ಕೆಲವರು ಗಡಿಯಾರ ನೋಡಿಕೊಳ್ಳುವುದು ನನಗೆ ಗೊತ್ತು. ಅದು ಒಳ್ಳೆಯ ಮಾತಾಡಿ ಧೈರ್ಯ ಹೇಳುವ, ಪುರಸೊತ್ತಿದ್ದವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಾಗಿದ್ದರೆ ಈ ಹಳೆಯ ಸಂಗತಿಯನ್ನು ನೆನಪಿಸಬೇಕಾಗುತ್ತದೆ. 1964ರಲ್ಲಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅರಿವಳಿಕೆ ತಜ್ಞ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ 97 ಮಂದಿಯ ಬಗ್ಗೆ ಬರೆದರು. ಅವರಲ್ಲಿ ಒಂದು ಗುಂಪಿನ ಜೊತೆ ಅರಿವಳಿಕೆ ತಜ್ಞರು ಮುಂಚಿತವಾಗಿಯೇ ಕುಳಿತು, ಎಲ್ಲಿ ನೋವಾಗುತ್ತದೆ, ಎಷ್ಟಾಗಬಹುದು, ಏಕಾಗುತ್ತದೆ, ಹೊಟ್ಟೆಯ ಸ್ನಾಯುಗಳನ್ನು ಸಡಿಲ ಬಿಟ್ಟು ಮಗ್ಗುಲು ಬದಲಿಸುವುದು ಹೇಗೆ ಎಂದು ವಿವರಿಸಿದರು. ಶಸ್ತ್ರಚಿಕಿತ್ಸಕರಿಗೆ ಯಾರು ಯಾವ ಗುಂಪಿನವರೆಂಬುದು ತಿಳಿದಿರಲಿಲ್ಲ. ಮಾತು ಕೇಳಿಸಿಕೊಂಡವರಿಗೆ ಆಪರೇಷನ್ನಿನ ನಂತರ ಬೇಕಾದ ನೋವಿನ ಮಾದಕ ಔಷಧ ಸುಮಾರು ಅರ್ಧಕ್ಕೆ ಇಳಿಯಿತು. ಗುಂಪಿನ ಗುಟ್ಟು ಗೊತ್ತಿಲ್ಲದ ಶಸ್ತ್ರಚಿಕಿತ್ಸಕರೇ ಅವರನ್ನು ಸರಾಸರಿ 2.7 ದಿನ ಮೊದಲು ಮನೆಗೆ ಕಳಿಸಿದರು. ಆ ಕಾಲದ ಆಸ್ಪತ್ರೆವಾಸ ದೀರ್ಘವಾಗಿರುತ್ತಿತ್ತು, ಇಂದು ಅಷ್ಟು ದಿನ ಉಳಿಸಲು ಸಾಧ್ಯವಾಗದೇ ಹೋಗಬಹುದು. ಆದರೂ, ಮಾತಿಗೆ ಔಷಧದ ಡೋಸು ಇಳಿಸುವ ಶಕ್ತಿ ಇದೆಯೆಂದು ಅರಿವಳಿಕೆ ತಜ್ಞರೇ ತೋರಿಸಿ ಅರವತ್ತು ವರ್ಷ ದಾಟಿದೆ.

ಆತಂಕ ಚರ್ಮದ ವರೆಗೂ ಇಳಿಯುತ್ತದೆ ಎಂಬುದಕ್ಕೂ ಪುರಾವೆಯಿದೆ. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತ ಹಣ್ಣಾಗಿದ್ದ ಮಹಿಳೆಯರ ತೋಳಿನಲ್ಲಿ 3.5 ಮಿಲಿಮೀಟರಿನ ಒಂದು ಪುಟ್ಟ ಗಾಯ ಮಾಡಿ ನೋಡಿದಾಗ, ಅದು ವಾಸಿಯಾಗಲು ಅದೇ ವಯಸ್ಸಿನ ಇತರರಿಗಿಂತ ಸುಮಾರು ಒಂಬತ್ತು ದಿನ ಹೆಚ್ಚು ಬೇಕಾಯಿತೆಂದು 1995ರ ಒಂದು ಅಧ್ಯಯನ ತೋರಿಸಿತು. ಅದು ಸಣ್ಣ ಅಧ್ಯಯನ, ದೊಡ್ಡ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಅದನ್ನು ನೇರವಾಗಿ ಅನ್ವಯಿಸಲು ನಾನು ಹೋಗುವುದಿಲ್ಲ. ಆದರೆ ವಾರಗಟ್ಟಲೆ ನಿದ್ದೆ ಬಿಟ್ಟು ಬಂದವರ ಗಾಯವನ್ನು ದಿನವೂ ನೋಡುವ ನರ್ಸುಗಳನ್ನು ಕೇಳಿದರೆ ಅವರು ಆಶ್ಚರ್ಯಪಡಲಾರರು.

ಭಯ ಕೂಡ ನಾವು ಊಹಿಸಿದ ಕಡೆ ಇರುವುದಿಲ್ಲ. ಹೃದಯದ ಆಪರೇಷನ್ನಿಗೆ ಕಾಯುತ್ತಿದ್ದ ವಯಸ್ಸಾದ ತಾಯಿಯೊಬ್ಬರನ್ನು, ಮನೆಯವರ ಪರಿಚಯದಿಂದಾಗಿ, ನಾನು ಅಪರೂಪಕ್ಕೆ ಎರಡು ವಾರ ಮೊದಲೇ ಕಂಡಿದ್ದೆ. ನೋವಿನ ಬಗ್ಗೆ, ಸಾವಿನ ಬಗ್ಗೆ ಕೇಳುತ್ತಾರೆಂದು ತಯಾರಾಗಿ ಹೋಗಿದ್ದೆ. ಅವರು ಕೇಳಿದ್ದು, ‘ನನಗೆ ಎಚ್ಚರವಾದಾಗ ಕನ್ನಡಕ ಯಾರ ಹತ್ತಿರ ಇರುತ್ತದೆ?’ ಕನ್ನಡಕವಿಲ್ಲದೆ ಅವರಿಗೆ ಎದುರಿನ ಮುಖ ಗುರುತು ಸಿಗುತ್ತಿರಲಿಲ್ಲ. ಯಾರೆಂದು ತಿಳಿಯದ ಕೈಗಳು ಮೈಮುಟ್ಟುವುದು ಅವರ ಭಯವಾಗಿತ್ತು. ನಾನು ಒಂದು ಹಾಳೆಯ ಮೇಲೆ ಮನುಷ್ಯನ ಆಕಾರ ಬರೆದು ಯಾವ ನಳಿಕೆ ಎಲ್ಲಿರುತ್ತದೆ, ಯಾವುದು ಎಷ್ಟನೆಯ ದಿನಕ್ಕೆ ಹೋಗುತ್ತದೆ ಎಂದು ಗುರುತು ಹಾಕಿದೆ. ಗಂಟಲಿನಲ್ಲಿ ಉಸಿರಿನ ನಳಿಕೆ ಇರುವವರೆಗೆ ದನಿ ಬರುವುದಿಲ್ಲ, ಅದು ತೆಗೆದ ಮೇಲೆ ಬರುತ್ತದೆ ಎಂದೆ. ಮಾತು ನಿಂತಾಗ ಬಳಸಲು ಎರಡು ಸನ್ನೆ ಗೊತ್ತುಮಾಡಿಕೊಂಡೆವು: ನೋವಿಗೊಂದು, ಬಾಯಾರಿಕೆಗೊಂದು. ಐಸಿಯುವಿನಲ್ಲಿ ಕಣ್ಣುಬಿಟ್ಟಾಗ ಅವರು ಮೊದಲು ಮಾಡಿದ್ದು ಬೆರಳು ಮಡಚಿ ನಳಿಕೆಗಳನ್ನು ಎಣಿಸಿದ್ದು. ಲೆಕ್ಕ ಸರಿಹೋದ ಮೇಲೆ ಕನ್ನಡಕಕ್ಕೆ ಕೈ ಚಾಚಿದರು. ವಯಸ್ಸಾದವರಲ್ಲಿ ಆಪರೇಷನ್ನಿನ ನಂತರ ಕಾಣುವ ಗೊಂದಲ, ದಿಕ್ಕುತಪ್ಪಿದ ಮಾತು, ರಾತ್ರಿಯ ಕಿರುಚಾಟ ಇವುಗಳನ್ನು ತಡೆಯಲು ಕನ್ನಡಕ ಮತ್ತು ಶ್ರವಣಸಾಧನವನ್ನು ಬೇಗ ಮರಳಿಸಬೇಕೆಂದು ನಾವೆಲ್ಲ ಓದಿದ್ದೇವೆ. ಆದರೆ ಯಾರ ಕೈಗೆ ಕೊಡಬೇಕೆಂದು ಮೊದಲೇ ಕೇಳಿಟ್ಟುಕೊಂಡವರು ಎಷ್ಟು ಮಂದಿ?

ಅದೇ ತಾಯಿಗೆ ಆ ದಿನ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ‘ಕೈ ಊರದೆ ಕುರ್ಚಿಯಿಂದ ಎದ್ದೇಳಿ’ ಎಂದೆ. ಏಳಲಾಗಲಿಲ್ಲ, ಮುಂದಕ್ಕೆ ಬಾಗಿದರು, ತೊಡೆ ನಡುಗಿತು, ಕೈ ತಾನಾಗಿ ಕುರ್ಚಿಯ ತೋಳಿಗೆ ಹೋಯಿತು. ಎದೆಮೂಳೆ ಸೀಳಿ ಮಾಡುವ ಆಪರೇಷನ್ನಿನ ನಂತರ ವಾರಗಟ್ಟಲೆ ಕೈಯ ಮೇಲೆ ಭಾರ ಹಾಕಬಾರದೆಂದು ನಾವೇ ಎಚ್ಚರಿಸುತ್ತೇವೆ. ಕೈಬಲದಿಂದಲೇ ಏಳುವ ರೂಢಿ ಇರುವವರಿಗೆ ಆ ಎಚ್ಚರಿಕೆಯ ಅರ್ಥ, ನೀವಿನ್ನು ಬೇರೆಯವರು ಎತ್ತದೆ ಏಳುವಂತಿಲ್ಲ ಎಂದು. ಕುರ್ಚಿಯ ಮೇಲೆ ಮಡಚಿದ ಕಂಬಳಿ ಹಾಕಿ ಎತ್ತರ ಮಾಡಿಕೊಂಡು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ದಿನಕ್ಕೆ ಮೂರು ಹೊತ್ತು ಐದೈದು ಸಲ ಏಳಲು ಹೇಳಿದೆ. ಅವರ ಹೃದಯದ ಸ್ಥಿತಿಗೆ ಇಷ್ಟು ಮಾಡಬಹುದೆಂದು ಶಸ್ತ್ರಚಿಕಿತ್ಸಕರಿಂದ ಕೇಳಿಕೊಂಡೇ ಹೇಳಿದೆ. ಎರಡನೆಯ ವಾರಕ್ಕೆ ಕಂಬಳಿ ಬೇಕಾಗಲಿಲ್ಲ. ಹಾಸಿಗೆಯಿಂದ ಏಳುವುದನ್ನೂ ಅಭ್ಯಾಸ ಮಾಡಿಸಿದೆ: ನೇರವಾಗಿ ಎದ್ದು ಕೂರದೆ ಮೊದಲು ಮಗ್ಗುಲಾಗಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಕಾಲಿನ ಭಾರವೇ ಮೈಯನ್ನು ಎತ್ತುವಂತೆ ಮಾಡುವುದು. ಹೊಟ್ಟೆಯ ಆಪರೇಷನ್ ಆದವರಿಗೂ ಇದೇ ದಾರಿ, ಕೈಯ ಆಸರೆಯಷ್ಟೇ ಅವರಿಗೆ ಹೆಚ್ಚು. ಗಾಯವಿಲ್ಲದ ಮೈಗೆ ಈ ಹೊರಳು ಐದು ನಿಮಿಷದಲ್ಲಿ ಒಗ್ಗುತ್ತದೆ.

ಉಳಿದ ಸಿದ್ಧತೆಗಳು ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿವೆ. ಬೀಡಿ, ಸಿಗರೇಟು ಬಿಡಿಸುವುದು ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಸೊಂಟ ಮತ್ತು ಮೊಣಕಾಲಿನ ಕೀಲು ಬದಲಾವಣೆಗೆ ಕಾಯುತ್ತಿದ್ದ 120 ಧೂಮಪಾನಿಗಳ ಮೇಲೆ ಡೆನ್ಮಾರ್ಕಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಪರೇಷನ್ನಿಗೆ ಆರರಿಂದ ಎಂಟು ವಾರ ಮೊದಲೇ ಬಿಡಲು ನೆರವು ಪಡೆದವರಲ್ಲಿ ನೂರಕ್ಕೆ 18 ಮಂದಿಗೆ ತೊಡಕು ಉಂಟಾಯಿತು, ನೆರವು ಪಡೆಯದವರಲ್ಲಿ ನೂರಕ್ಕೆ 52 ಮಂದಿಗೆ. ನಾಲ್ಕು ವಾರ ಮೊದಲು ಬಿಟ್ಟರೂ ಲಾಭವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ‘ಈಗ ಬಿಟ್ಟರೆ ಕಫ ಹೆಚ್ಚಾಗುತ್ತದೆ, ಆಪರೇಷನ್ ಮುಗಿಯಲಿ’ ಎಂದು ಇಂದಿಗೂ ಹೇಳುವವರಿದ್ದಾರೆ, ಬಿಳಿ ಕೋಟು ಹಾಕಿದವರೂ ಸೇರಿ. ಆ ಭಯಕ್ಕೆ ಆಧಾರ ಸಿಕ್ಕಿಲ್ಲ. ಆಪರೇಷನ್ನಿನ ಹಿಂದಿನ ದಿನ ಬಿಟ್ಟರೂ ಹೊಗೆಯಿಂದ ರಕ್ತಕ್ಕೆ ಸೇರಿ ಆಮ್ಲಜನಕದ ಜಾಗ ಹಿಡಿಯುವ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ. ಮದ್ಯದ ವಿಷಯವೂ ಹೀಗೆಯೇ, ಆದರೆ ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸುವುದು ಅಪಾಯಕಾರಿಯಾದ್ದರಿಂದ ಅದು ವೈದ್ಯರ ಕಣ್ಣೆದುರೇ ಆಗಬೇಕು. ಅದಕ್ಕೂ ಸಮಯ ಬೇಕು ಎಂಬುದೇ ನನ್ನ ಮಾತು.

ರಕ್ತಹೀನತೆಯ ಕಥೆ ಇನ್ನೂ ಬೇಸರದ್ದು. ಹೃದಯೇತರ ಶಸ್ತ್ರಚಿಕಿತ್ಸೆಗೆ ಒಳಗಾದ 2,27,425 ಮಂದಿಯ ದಾಖಲೆಗಳನ್ನು ನೋಡಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 30 ಮಂದಿಗೆ ಮೊದಲೇ ರಕ್ತಹೀನತೆ ಇತ್ತು. ಅದು ಸೌಮ್ಯವಾಗಿದ್ದವರಲ್ಲಿ ಕೂಡ ತೊಡಕು ಮತ್ತು ಸಾವಿನ ಪ್ರಮಾಣ ಹೆಚ್ಚಿತ್ತು. ಕಬ್ಬಿಣದ ಕೊರತೆಯಿಂದಾದದ್ದಾದರೆ ಮಾತ್ರೆಗೆ ವಾರಗಳು ಬೇಕು. ನಾವು ಹಿಮೋಗ್ಲೋಬಿನ್ ನೋಡುವುದು ಆಪರೇಷನ್ನಿಗೆ ಎರಡು ದಿನ ಇದ್ದಾಗ. ಆಗ ಉಳಿಯುವ ದಾರಿ ರಕ್ತದ ಬಾಟಲಿ ಮಾತ್ರ. ಕೊನೆಯ ಕೆಲ ವಾರಗಳಲ್ಲಿ ಕಬ್ಬಿಣದ ಡ್ರಿಪ್ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯವರಲ್ಲಿ ಬ್ರಿಟನ್ನಿನಲ್ಲಿ ನಡೆದ 2020ರ ಪ್ರಯೋಗದಲ್ಲಿ ಅದರಿಂದ ರಕ್ತ ಕೊಡುವ ಪ್ರಮಾಣವಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಕಾರಣ ಹುಡುಕಿ ಚಿಕಿತ್ಸೆ ಮಾಡಲು ದಿನಗಳು ಬೇಕು, ಆ ದಿನಗಳು ಇದ್ದಾಗ ಯಾರೂ ನೋಡಲಿಲ್ಲ ಎಂಬುದಷ್ಟೇ ನನ್ನ ದೂರು. ಸಕ್ಕರೆ ಕಾಯಿಲೆಗೂ ಇದೇ ಮಾತು: ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯನ್ನು ಆಪರೇಷನ್ನಿನ ಮುನ್ನಾದಿನ ಮಾಡಿಸಿ ಯಾರಿಗೆ ಏನು ಪ್ರಯೋಜನ? ಪೌಷ್ಟಿಕತೆ ತೀರ ಕುಸಿದವರಿಗೆ ಏಳರಿಂದ ಹದಿನಾಲ್ಕು ದಿನ ಆಹಾರ ಚಿಕಿತ್ಸೆ ಕೊಟ್ಟು, ಅದಕ್ಕಾಗಿ ಆಪರೇಷನ್ ಮುಂದೂಡಬೇಕಾದರೂ ಮುಂದೂಡಿ ಎಂದು ಯುರೋಪಿನ ಪೌಷ್ಟಿಕತಾ ತಜ್ಞರ ಮಾರ್ಗಸೂಚಿಯೇ ಹೇಳುತ್ತದೆ. ಬಟ್ಟೆ ಸಡಿಲವಾಗಿದೆಯೇ, ಮೂರು ತಿಂಗಳಲ್ಲಿ ತೂಕ ಎಷ್ಟು ಇಳಿಯಿತು ಎಂದು ಕೇಳಲು ಒಂದು ನಿಮಿಷ ಸಾಕು.

ಉಪವಾಸದ ಬಗ್ಗೆ ಒಂದು ಮಾತು, ಇದು ಸ್ವಲ್ಪ ಸಿಟ್ಟಿನದು. ‘ರಾತ್ರಿ ಹನ್ನೆರಡರ ನಂತರ ಒಂದು ಹನಿ ನೀರೂ ಬೇಡ’ ಎಂಬ ಸಾಲು ಎಷ್ಟೋ ಚೀಟಿಗಳಲ್ಲಿ ಇನ್ನೂ ಉಳಿದಿದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಮಾರ್ಗಸೂಚಿ 1999ರಿಂದಲೂ ಆರೋಗ್ಯವಂತ ರೋಗಿಗಳಿಗೆ ನೀರಿನಂತಹ ತಿಳಿಯಾದ ದ್ರವವನ್ನು ಎರಡು ಗಂಟೆ ಮೊದಲಿನವರೆಗೂ, ಹಗುರ ಆಹಾರವನ್ನು ಆರು ಗಂಟೆ ಮೊದಲಿನವರೆಗೂ ಕೊಡಬಹುದೆಂದು ಹೇಳುತ್ತಿದೆ. ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ, ಇತರ ತೊಂದರೆ ಇರುವವರಿಗೆ ಬೇರೆ ನಿಯಮ, ಅದನ್ನು ಅರಿವಳಿಕೆ ತಜ್ಞರೇ ತೀರ್ಮಾನಿಸಬೇಕು. ರೋಗಿ ತನ್ನಷ್ಟಕ್ಕೆ ಬದಲಿಸುವಂತಿಲ್ಲ. ಆದರೆ ಮಧ್ಯಾಹ್ನ ಮೂರಕ್ಕೆ ಥಿಯೇಟರಿಗೆ ಹೋಗುವ ಮನುಷ್ಯ ಹದಿನೈದು ಗಂಟೆ ಒಣಗಿದ ನಾಲಿಗೆಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿರುವುದನ್ನು ನೋಡಿದಾಗ, ಆ ಚೀಟಿಯನ್ನು ಕೊನೆಯ ಬಾರಿ ಯಾರು ಓದಿ ತಿದ್ದಿದರು ಎಂದು ಕೇಳಬೇಕೆನಿಸುತ್ತದೆ.

ಈಗ ನನ್ನ ವಾದದ ದುರ್ಬಲ ಭಾಗವನ್ನೂ ನಾನೇ ಹೇಳುವುದು ಒಳ್ಳೆಯದು. ವ್ಯಾಯಾಮ, ಆಹಾರ, ಮನೋಬಲ ಮೂರನ್ನೂ ಕೂಡಿಸಿದ ನಾಲ್ಕು ವಾರಗಳ ತಯಾರಿಯ ಬಗ್ಗೆ ಬಂದಿರುವ ಪುರಾವೆ ಏಕರೂಪವಾಗಿಲ್ಲ. ಮಾಂಟ್ರಿಯಲ್ಲಿನಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ 2014ರ ಪ್ರಯೋಗದಲ್ಲಿ, ಮೊದಲೇ ತಯಾರಾದವರಲ್ಲಿ ನೂರಕ್ಕೆ 84 ಮಂದಿ ಎಂಟು ವಾರಗಳಲ್ಲಿ ತಮ್ಮ ಹಿಂದಿನ ನಡಿಗೆಯ ಸಾಮರ್ಥ್ಯಕ್ಕೆ ಮರಳಿದ್ದರು. ಆಪರೇಷನ್ನಿನ ನಂತರವೇ ಶುರುಮಾಡಿದವರಲ್ಲಿ 62 ಮಂದಿ. ಆದರೆ ತೊಡಕುಗಳ ಪ್ರಮಾಣವೂ ಆಸ್ಪತ್ರೆಯಲ್ಲಿದ್ದ ದಿನಗಳೂ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಇದ್ದವು. 2020ರಲ್ಲಿ ಅಲ್ಲಿನವರೇ ತೀರ ನಿಶ್ಶಕ್ತರಾದ ವೃದ್ಧ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ತೊಡಕುಗಳು ಕಡಿಮೆಯಾಗಲಿಲ್ಲ. 2023ರಲ್ಲಿ ಪ್ರಕಟವಾದ, ಹಲವು ದೇಶಗಳ 251 ಮಂದಿಯ ಪ್ರಯೋಗದಲ್ಲಿ ಮಾತ್ರ ಗಂಭೀರ ತೊಡಕುಗಳು 29.7 ಶೇಕಡಾದಿಂದ 17.1ಕ್ಕೆ ಇಳಿದವು. ಹಾಗಾಗಿ ಎಲ್ಲರಿಗೂ ನಾಲ್ಕು ವಾರಗಳ ಜಿಮ್ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಉಸಿರಿನ ಪಾಠ ಮತ್ತು ಧೂಮಪಾನದ ವಿಷಯದಲ್ಲಿ ನನಗೆ ಅನುಮಾನವಿಲ್ಲ. ರಕ್ತ ಮತ್ತು ಸಕ್ಕರೆಯನ್ನು ಬೇಗ ನೋಡುವುದರಲ್ಲಿ ನಿಮಗೂ ಅನುಮಾನ ಇರಲಾರದು. ನಡಿಗೆ ಮತ್ತು ಕುರ್ಚಿಯ ಅಭ್ಯಾಸದಿಂದ ತೊಡಕು ಇಳಿಯದಿದ್ದರೂ ಮನುಷ್ಯ ತನ್ನ ಕಾಲ ಮೇಲೆ ಬೇಗ ನಿಲ್ಲುತ್ತಾನೆ ಎಂಬುದೇ ನನಗೆ ಸಾಕಾಗುವ ಕಾರಣ.

‘ಕ್ಯಾನ್ಸರ್ ರೋಗಿಗೆ ಕಾಯಲು ಸಮಯವಿಲ್ಲ’ ಎಂಬ ಆಕ್ಷೇಪ ಸರಿಯಾದದ್ದೇ. ತಯಾರಿಗೆಂದು ದಿನಾಂಕ ಮುಂದೂಡಿ ಎಂದು ನಾನೆಲ್ಲಿಯೂ ಹೇಳುತ್ತಿಲ್ಲ, ಮುಂದೂಡುವ ತೀರ್ಮಾನ ಯಾವಾಗಲೂ ನಿಮ್ಮದು. ಸ್ಕ್ಯಾನಿಗೆ, ಥಿಯೇಟರಿನ ಸರದಿಗೆ, ಹಾಸಿಗೆ ಖಾಲಿಯಾಗುವುದಕ್ಕೆ ಹೇಗೂ ಕಾಯುವ ದಿನಗಳಿವೆಯಲ್ಲ, ಅವು ಹತ್ತಿದ್ದರೆ ಹತ್ತು, ಮೂರಿದ್ದರೆ ಮೂರು. ಆ ದಿನಗಳನ್ನು ಕೇಳುತ್ತಿದ್ದೇನೆ. ಅಪಘಾತದಲ್ಲಿ, ಕರುಳು ತೂತಾಗಿ ಬರುವವರಲ್ಲಿ ಇದಾವುದೂ ನಡೆಯುವುದಿಲ್ಲ ಎಂಬುದನ್ನು ಹೇಳಬೇಕಾಗಿಯೇ ಇಲ್ಲ.

ಇನ್ನೊಂದು ಅಪಾಯವನ್ನು ನಾನು ಈಗಲೇ ಕಾಣಬಲ್ಲೆ. ಇಂತಹ ವ್ಯವಸ್ಥೆ ಬಂದ ಮರುದಿನವೇ, ತೊಡಕಾದ ರೋಗಿಯ ಹಾಸಿಗೆಯ ಬಳಿ ಯಾರಾದರೂ ‘ಹೇಳಿದಷ್ಟು ನಡೆಯಲಿಲ್ಲ, ಅದಕ್ಕೇ ಹೀಗಾಯಿತು’ ಎನ್ನುತ್ತಾರೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. ಚೆನ್ನಾಗಿ ತಯಾರಾದವರಿಗೂ ಸೋಂಕು ತಗಲುತ್ತದೆ, ಕರುಳಿನ ಜೋಡಣೆ ಸೋರುತ್ತದೆ. ದುಡಿಮೆಗೆ ಹೋಗದೆ ವಿಧಿಯಿಲ್ಲದವರು, ಮನೆಯಲ್ಲಿ ಇನ್ನೊಬ್ಬ ರೋಗಿಯನ್ನು ನೋಡಿಕೊಳ್ಳುವವರು, ಮೆಟ್ಟಿಲು ಹತ್ತಿದರೆ ಎದೆ ನೋಯುವವರು ನಾವು ಬರೆದುಕೊಟ್ಟದ್ದನ್ನೆಲ್ಲ ಮಾಡಲಾರರು. ಅವರಿಂದ ಆಗುವಷ್ಟನ್ನು ಅವರ ಜೊತೆ ಕುಳಿತು ಗೊತ್ತುಮಾಡಬೇಕು.

ನನ್ನ ಕೋರಿಕೆ ಹೀಗಿದೆ. ದೊಡ್ಡ ಶಸ್ತ್ರಚಿಕಿತ್ಸೆಯ ದಿನಾಂಕ ಬರೆಯುವಾಗ ಅದೇ ಚೀಟಿಯ ಕೆಳಗೆ ಫಿಸಿಯೋಥೆರಪಿ ವಿಭಾಗಕ್ಕೆ ಒಂದು ಸಾಲು ಬರೆಯಿರಿ, ರೋಗಿ ಆ ದಿನ ಮನೆಗೆ ಹೋಗುವ ಮೊದಲೇ ನಾವು ನೋಡುತ್ತೇವೆ. ಹಿಮೋಗ್ಲೋಬಿನ್ ಮತ್ತು ಸಕ್ಕರೆಯ ಪರೀಕ್ಷೆ ಅಂದೇ ಆಗಲಿ. ಧೂಮಪಾನದ ಪ್ರಶ್ನೆಯನ್ನು ಸ್ವತಃ ಶಸ್ತ್ರಚಿಕಿತ್ಸಕರೇ ಕೇಳಲಿ, ಏಕೆಂದರೆ ನಾನು ಹೇಳಿದರೆ ಸಲಹೆ, ನೀವು ಹೇಳಿದರೆ ಅಪ್ಪಣೆ. ಅರಿವಳಿಕೆ ತಜ್ಞರ ಭೇಟಿ ಮುನ್ನಾದಿನದಿಂದ ಹಿಂದಕ್ಕೆ, ಸಾಧ್ಯವಾದಷ್ಟು ಹಿಂದಕ್ಕೆ ಸರಿಯಲಿ. ಉಪವಾಸದ ಚೀಟಿಯನ್ನು ಒಮ್ಮೆ ತಿದ್ದಿ. ಆಡಳಿತದವರು ಸಿಬ್ಬಂದಿಯ ಕೊರತೆ ಎನ್ನುತ್ತಾರೆಂದು ಗೊತ್ತು. ಮೂರನೆಯ ದಿನದ ನ್ಯುಮೋನಿಯಾಕ್ಕೆ ನಾನು ದಿನಕ್ಕೆ ಮೂರು ಸಲ ಓಡುವ ಹೊತ್ತನ್ನು ಲೆಕ್ಕ ಹಾಕಿದರೆ ಮೊದಲಿನ ಅರ್ಧ ಗಂಟೆ ಅದರೊಳಗೇ ಸಿಗುತ್ತದೆ. ಹೊರರೋಗಿ ವಿಭಾಗದ ತುದಿಯಲ್ಲಿ ಹಳೆಯ ಫೈಲುಗಳನ್ನು ಪೇರಿಸಿಟ್ಟ ಕೋಣೆಯೊಂದು ಹೆಚ್ಚಿನ ಆಸ್ಪತ್ರೆಗಳಲ್ಲಿ ಇರುತ್ತದೆ. ಅದನ್ನು ತೆರವು ಮಾಡಿಸಿಕೊಟ್ಟರೆ ಸಾಕು. ತೋಳಿಲ್ಲದ ಒಂದು ಕುರ್ಚಿ ಮತ್ತು ಒಂದು ದಿಂಬನ್ನು ನಾನೇ ತರುತ್ತೇನೆ.

ಇಂತಿ ವಿಶ್ವಾಸಿ,
ಶಸ್ತ್ರಚಿಕಿತ್ಸಾ ವಾರ್ಡಿನ ಒಬ್ಬ ಫಿಸಿಯೋಥೆರಪಿಸ್ಟ್